ಬಿಳಿ ಗೆರೆಯ ಸರಪಳಿ

“ಇದೇನಾ ನನ್ನ ಮಗ ಕಟ್ಟಿದ್ದು?” ಎಂದು ಅವ್ವಾದ್ ಕೇಳಿದರು.

ಹೌದೆಂದೆ. ಅವರು ಅಲ್ಲೇ ಕುಕ್ಕರಗಾಲಲ್ಲಿ ಕೂತು ಸೈನ್ಯದ ಅಂಗಳದ ನೆಲದ ಮೇಲಿದ್ದ ಸರಪಳಿಯನ್ನು ಸವರತೊಡಗಿದರು. ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ನೋಡಬೇಕಾದ್ದನ್ನೆಲ್ಲ ಈಗ ಬೆರಳಲ್ಲೇ ನೋಡುತ್ತಿದ್ದರು.

“ಅಷ್ಟು ದೊಡ್ಡ ಟ್ಯಾಂಕನ್ನ ಇಂಥ ನಾಲ್ಕು ಸರಪಳಿ ಹಿಡೀತಾವಾ?”

“ಬಿಗಿದು ಕಟ್ಟಿದ್ರೆ ಹಿಡೀತಾವೆ, ಅಬು ಮುಫ್ಲಿಹ್.”

ಹಿರಿಮಗನ ಹೆಸರು ಹಿಡಿದು ಅಪ್ಪನನ್ನು ಕರೆಯುವುದು ನಮ್ಮ ಕಡೆಯ ಮರ್ಯಾದೆ. ಆ ಹಿರಿಮಗ ಮುಫ್ಲಿಹ್ ಅವರ ಬೆನ್ನ ಹಿಂದೆಯೇ ಅಪ್ಪನ ಊರುಗೋಲು ಹಿಡಿದು ನಿಂತಿದ್ದ. ಅವನೂ ಟ್ಯಾಂಕ್ ಸಾಗಿಸುವ ದಳದವನೇ, ಟ್ಯಾಂಕನ್ನು ಟ್ರೇಲರಿಗೆ ಬಿಗಿಯುವ ಸರಪಳಿಯಾಳುಗಳಿಗೆಲ್ಲ ಮುಖ್ಯಸ್ಥ. ಭಾನುವಾರದಿಂದ ಗಡ್ಡ ಹೆರೆದಿರಲಿಲ್ಲ, ಅಪ್ಪನ ತೋಳು ಬಿಟ್ಟು ಅತ್ತಿತ್ತ ಸರಿದಿರಲಿಲ್ಲ.

“ಬಿಗಿದು ಕಟ್ಟಿದ್ರೆ” ಎಂದು ಮುದುಕರು ಮೆಲ್ಲಗೆ ಹೇಳಿಕೊಂಡರು. “ಅಂದ್ರೆ ನನ್ನ ಸತ್ತಾಮ್ ಬಿಗೀಲಿಲ್ಲ.”

“ಏಳಪ್ಪಾ, ಸಾಕು” ಎಂದ ಮುಫ್ಲಿಹ್.

ಭಾನುವಾರ ಬೆಳಿಗ್ಗೆ ಏಳೂವರೆಗೆ, ನಕಬ್ ಇಳಿಜಾರಿನ ಮೂರನೆಯ ತಿರುವಿನಲ್ಲಿ, ಲಾರಿಯ ಟ್ರೇಲರ್ ಮೇಲಿದ್ದ ಟ್ಯಾಂಕ್ ಜಾರಿ ಸರಪಳಿಯಾಳು ಸತ್ತಾಮನ ಮೇಲೂ ಕೆಳಗಿನಿಂದ ಬರುತ್ತಿದ್ದ ಯೂನುಸ್ ಮೇಷ್ಟ್ರ ಕಾರಿನ ಮೇಲೂ ಬಿದ್ದಿತ್ತು. ಇಬ್ಬರೂ ಉಳಿಯಲಿಲ್ಲ. ದಳದ ಮೇಜರ್ ಜುಹೈರ್ ಎರಡೇ ದಿನದಲ್ಲಿ ವರದಿ ಬರೆದು ಮುಗಿಸಿದರು. ಸರಪಳಿ ಬಿಗಿಯದೆ ಬಿಟ್ಟವನು ಸತ್ತಾಮ್, ತಪ್ಪು ಅವನದೇ, ಕಡತ ಮುಚ್ಚಬಹುದು.

ಸರ್ಕಾರದ ಕಡತ ಮುಚ್ಚಿದರೆ ಮುಗಿಯಿತು. ನಮ್ಮ ಜನರದು ಹಾಗಲ್ಲ. ಸತ್ತವನ ತಪ್ಪಿನಿಂದ ಇನ್ನೊಬ್ಬ ಸತ್ತಿದ್ದರೆ, ಅವನ ಅಪ್ಪ ಹಿರಿಯರನ್ನು ಕಟ್ಟಿಕೊಂಡು ಆ ಮನೆಯ ಬಾಗಿಲಿಗೆ ಕ್ಷಮೆ ಕೇಳಲು ಹೋಗಬೇಕು. ಆ ಗುಂಪಿಗೆ ಜಾಹಾ ಎನ್ನುತ್ತಾರೆ. ಮೇಷ್ಟ್ರ ಮನೆಯವರು ಕೊಟ್ಟ ಗಡುವು ಮೂರು ದಿನ ಮತ್ತು ಒಂದು ದಿನದ ಮೂರನೆಯ ಒಂದು ಪಾಲು. ಅದು ಇವತ್ತು, ಬುಧವಾರ, ಮಧ್ಯಾಹ್ನ ಮೂರೂವರೆಗೆ ಮುಗಿಯುತ್ತಿತ್ತು.

ಹೋದರೆ ತಪ್ಪು ಒಪ್ಪಿಕೊಂಡಂತೆ. ಆಮೇಲೆ ಯಾವ ವರದಿ ಏನೇ ಹೇಳಲಿ, ಜಫರ್‌ನಿಂದ ಮಆನ್‌ವರೆಗೆ ಎಲ್ಲರ ಬಾಯಲ್ಲಿ ಸತ್ತಾಮ್ ಎಂದರೆ ಸರಪಳಿ ಕಟ್ಟಲಾರದೆ ಒಬ್ಬ ಮೇಷ್ಟ್ರನ್ನು ಕೊಂದವನು. ಇಪ್ಪತ್ತನಾಲ್ಕು ವರ್ಷದ ಹುಡುಗನಿಗೆ ಉಳಿದಿದ್ದದ್ದು ಹೆಸರೊಂದೇ. ಅದನ್ನೂ ಮಣ್ಣು ಮಾಡಲು ಅವನ ಅಪ್ಪನೇ ಹೊರಟಿದ್ದರು.

ನನಗೆ ಅದು ಸಹಿಸಲಾಗಲಿಲ್ಲ. ಮಿಲಿಟರಿ ಪೊಲೀಸಿನಲ್ಲಿ ಇಪ್ಪತ್ತೆಂಟು ವರ್ಷ ಸವೆಸಿದ ಸಾರ್ಜೆಂಟ್ ನಾನು, ಹೆಸರು ಜಾನ್‌ಬೆಕ್. ಅಜ್ಜ ಬೆಟ್ಟಸೀಮೆಯಿಂದ ವಲಸೆ ಬಂದ ಶರ್ಕಸಿ. ನೂರು ವರ್ಷವಾದರೂ ಇಲ್ಲಿಯವರು ನನ್ನನ್ನು ಹೆಸರು ಬಿಟ್ಟು ಶರ್ಕಸಿ ಎಂದೇ ಕರೆಯುತ್ತಾರೆ. ನನ್ನ ಮುಖ ನೋಡಿದರೆ ಹಾಲು ಒಡೆಯುತ್ತದೆ ಎನ್ನುತ್ತಾಳೆ ಹೆಂಡತಿ. ಇರಲಿ. ಆದರೆ ಕಣ್ಣು ಇನ್ನೂ ನೆಟ್ಟಗಿದೆ, ಆ ಸರಪಳಿಯಲ್ಲಿ ಮೇಜರರಿಗೆ ಕಾಣದಿದ್ದದ್ದು ಅದಕ್ಕೆ ಕಂಡಿತ್ತು.

“ಅಬು ಮುಫ್ಲಿಹ್, ಈ ಕೊಕ್ಕೆ ಮುಟ್ಟಿ ನೋಡಿ” ಎಂದೆ. “ಬಣ್ಣ ಮೆತ್ತಿದ್ದು ಸಿಗುತ್ತಾ?”

ಸಿಕ್ಕಿತು. ಬೆರಳು ಅಲ್ಲೇ ನಿಂತಿತು.

ಸರಪಳಿ ಬಿಗಿದಾದ ಮೇಲೆ ಕೊಕ್ಕೆಗೂ ಕೊಂಡಿಗೂ ಸೇರಿಸಿ ಅಡ್ಡಕ್ಕೆ ಒಂದು ಬಿಳಿ ಗೆರೆ ಎಳೆಯುವುದು ಸರಪಳಿಯಾಳುಗಳ ಪದ್ಧತಿ. ಇಪ್ಪತ್ತು ಕಿಲೋಮೀಟರ್ ಆದ ಮೇಲೆ ಗಾಡಿ ನಿಲ್ಲಿಸಿ ನೋಡುತ್ತಾರೆ. ಗೆರೆ ಸರಿದಿದ್ದರೆ ಸರಪಳಿ ಸಡಿಲಿದೆ ಎಂದು ಅರ್ಥ. ಮತ್ತೆ ಬಿಗಿದು, ಪಕ್ಕದಲ್ಲೇ ಕೆಂಪು ಗೆರೆ ಎಳೆಯುತ್ತಾರೆ.

ಮುಂದಿನ ಎರಡು ಸರಪಳಿ ಟ್ಯಾಂಕ್ ಬೀಳುವಾಗ ಹರಿದು ಚೂರಾಗಿದ್ದವು. ಹಿಂದಿನ ಎರಡು ಹರಿದಿರಲಿಲ್ಲ. ಅವುಗಳ ಮೇಲೆ ಬಿಳಿ ಗೆರೆಯೂ ಇತ್ತು, ಕೆಂಪು ಗೆರೆಯೂ ಇತ್ತು.

“ನಿಮ್ಮ ಮಗ ಎರಡು ಸಲ ಬಿಗಿದಿದಾನೆ. ತಾನಾಗೇ ಸಡಿಲ ಆಗಿದ್ರೆ ಕಬ್ಬಿಣ ಉಜ್ಜಿ ಉಜ್ಜಿ ಬಣ್ಣ ಕಿತ್ತು ಹೋಗಿರಬೇಕು. ಇಲ್ಲಿ ಹಾಗಾಗಿಲ್ಲ. ಅರ್ಧ ಗೆರೆ ಕೊಕ್ಕೆ ಮೇಲಿದೆ, ಅರ್ಧ ಕೊಂಡಿ ಮೇಲಿದೆ, ಎರಡರ ಅಂಚೂ ಕತ್ತರಿಸಿದ ಹಾಗೆ ನೆಟ್ಟಗಿದೆ. ಯಾರೋ ನಿಂತ ಗಾಡಿಯಲ್ಲಿ ಕೈಯಾರೆ ಬಿಚ್ಚಿದಾರೆ.”

ಮುದುಕರ ಬೆರಳು ಗೆರೆಯ ಅಂಚನ್ನೇ ತಡವುತ್ತಿತ್ತು. ಮುಫ್ಲಿಹನೇ ಮಾತಾಡಿದ.

“ಯಾಕೆ ಬಿಚ್ಚಬೇಕು ಸಾರ್ಜೆಂಟ್? ಗುಂಡು ಹೊಡೆದು ಅಭ್ಯಾಸ ಮಾಡೋಕೆ ಒಯ್ತಿದ್ದ ಗುಜರಿ ಟ್ಯಾಂಕ್ ಅದು. ಒಳಗೆ ಎಂಜಿನ್ನೂ ಇಲ್ಲ.”

“ಅದಕ್ಕೇ ಬಿಚ್ಚಿದ್ದು. ಎಂಜಿನ್ ಇಲ್ಲದ ಕಡೆ ಜಾಗ ಇರುತ್ತೆ. ಹಿಂದಿನ ಸರಪಳಿ ಬಿಚ್ಚದೆ ಎಂಜಿನ್ ಮುಚ್ಚಳ ಏಳಲ್ಲ. ನಾನು ಒಳಗೆ ಬ್ಯಾಟರಿ ದೀಪ ಬಿಟ್ಟು ನೋಡಿದೆ. ಎಲ್ಲಾ ಕಡೆ ಎಣ್ಣೆ ಮಸಿ, ನಡುವೆ ಎರಡು ಚೌಕ ಜಾಗ ಮಾತ್ರ ಶುಭ್ರ. ಕಳ್ಳಮಾಲಿನ ಪೆಟ್ಟಿಗೆ ಇಟ್ಟಿದ್ದ ಗುರುತು. ಸೈನ್ಯದ ಟ್ಯಾಂಕನ್ನ ಯಾವ ಗೇಟಲ್ಲೂ ತಡೆದು ನೋಡಲ್ಲ.”

ಮುಫ್ಲಿಹ್ ತುಟಿ ಒದ್ದೆ ಮಾಡಿಕೊಂಡ. ನಾನು ಅದನ್ನು ದುಃಖ ಅಂದುಕೊಂಡೆ. ಅಷ್ಟು ವರ್ಷದ ಪೊಲೀಸ್ ಕೆಲಸಕ್ಕೆ ಬೆಂಕಿ ಬೀಳಲಿ.

ಅಷ್ಟರಲ್ಲಿ ಮೇಜರ್ ಜುಹೈರ್ ಬಂದರು. ಇಸ್ತ್ರಿ ಮಾಡಿದ ಸಮವಸ್ತ್ರ, ಕೈಯಲ್ಲಿ ಜಪಮಣಿ. ಅವ್ವಾದ್ ಅವರ ಭುಜ ಹಿಡಿದು ಎಬ್ಬಿಸಿ ಹಣೆಗೆ ಮುತ್ತಿಟ್ಟರು.

“ಹೊರಡೋಣ ಚಿಕ್ಕಪ್ಪಾ. ನಾನೂ ಬರ್ತೀನಿ, ನಿಮ್ಮ ಜೊತೆ ಕೂರ್ತೀನಿ. ಸೈನ್ಯ ನಿಮ್ಮ ಕೈ ಬಿಡಲ್ಲ.” ಆಮೇಲೆ ನನ್ನತ್ತ ತಿರುಗಿದರು. “ಇನ್ನೂ ಈ ಕಬ್ಬಿಣದ ಮುಂದೆ ಕೂತಿದೀಯಾ, ಶರ್ಕಸಿ? ಸುತ್ತಿಗೆ ಎಲ್ಲಿ ಸಿಕ್ತು ಅಂತ ವರದೀಲಿ ಬರೆದಿದೀನಿ, ಓದ್ಲಿಲ್ವಾ?”

ಓದಿದ್ದೆ. ಇಳಿಜಾರಿಗೆ ಇಳಿಯುವ ಮುಂಚೆ ಸರಪಳಿಯಾಳು ನಾಲ್ಕೂ ಸರಪಳಿಗೆ ಸುತ್ತಿಗೆಯಿಂದ ಬಡಿದು ಸದ್ದು ಕೇಳಬೇಕು. ಬಿಗಿಯಿದ್ದರೆ ಠಣ್ ಎನ್ನುತ್ತದೆ, ಸಡಿಲಿದ್ದರೆ ಸದ್ದು ಸತ್ತುಹೋಗಿರುತ್ತದೆ. ಬಡಿದ ಮೇಲೆ ಸುತ್ತಿಗೆಯನ್ನು ಟ್ರೇಲರ್ ಪಕ್ಕದ ಕೊಂಡಿಗೆ ಸಿಕ್ಕಿಸಿಯೇ ಹತ್ತುವುದು ನಿಯಮ. ಇಳಿಜಾರಲ್ಲಿ ಕೈಗೆ ಸಿಗಬೇಕಲ್ಲ. ಸತ್ತಾಮನ ಸುತ್ತಿಗೆ ಸಿಕ್ಕಿದ್ದು ಲಾರಿಯೊಳಗೆ, ಸೀಟಿನ ಕೆಳಗೆ. ಎಂದರೆ ಅವತ್ತು ಅವನು ಬಡಿದೇ ಇರಲಿಲ್ಲ.

“ಅವನು ಬಡಿದಿದ್ರೆ ಇವತ್ತು ಇಬ್ಬರೂ ಬದುಕಿರ್ತಿದ್ರು” ಎಂದರು ಮೇಜರ್. ಅದು ನಿಜವೇ ಆಗಿತ್ತು.

*

ಮಆನ್ ಆಸ್ಪತ್ರೆಯಲ್ಲಿ ಲಾರಿಯ ಡ್ರೈವರ್ ದಹಾಮ್ ಮಲಗಿದ್ದ. ಪಕ್ಕೆಲುಬು ಮೂರು ಮುರಿದಿದ್ದವು, ಬಲಗೈಗೆ ಪಟ್ಟಿ ಕಟ್ಟಿದ್ದರು. ಇಪ್ಪತ್ತು ವರ್ಷ ಆ ಹತ್ತಾರು ಚಕ್ರದ ಗಾಡಿಗಳನ್ನು ಮರಳುಗಾಡಿನ ಉದ್ದಗಲಕ್ಕೂ ಓಡಿಸಿದ ಮನುಷ್ಯ. ಈಗ ಮೊಸರಿನ ಬಟ್ಟಲನ್ನೂ ಎಡಗೈಯಲ್ಲಿ ಹಿಡಿಯಲಾರದೆ ಪಕ್ಕಕ್ಕೆ ಇಟ್ಟಿದ್ದ.

“ಬಂದ್ಯಾ ಶರ್ಕಸಿ? ನೆಮ್ಮದಿಯಾಗಿ ನರಳೋಕೂ ಬಿಡಲ್ಲ ನೀನು.”

“ಮೊಸರು ತಿನ್ನು.”

“ನೀನು ನೋಡಿದೆಯಲ್ಲ, ಇನ್ನಷ್ಟು ಹುಳಿಯಾಯ್ತು ಬಿಡು.”

ನಗಲು ಹೋಗಿ ಪಕ್ಕೆ ಹಿಡಿದುಕೊಂಡ. ನಾನು ಸ್ಟೂಲು ಎಳೆದು ಕೂತೆ. ಗಡಿಯಾರದಲ್ಲಿ ಹನ್ನೆರಡಾಗಿತ್ತು.

“ದಹಾಮ್, ಸುತ್ತಿಗೆ ಯಾಕೆ ಸೀಟಿನ ಕೆಳಗಿತ್ತು?”

“ಮರೆತಿರಬೇಕು ಹುಡುಗ.”

“ಎರಡು ಬಣ್ಣದ ಗೆರೆ ಎಳೆದವನು ಸುತ್ತಿಗೆ ಮರೀತಾನಾ?”

“ಮನುಷ್ಯ ಅಂದ ಮೇಲೆ ಮರೀತಾನೆ.”

“ನಿನ್ನ ಗಾಡಿ ಮೇಲೆ ಮೂರು ವರ್ಷ ಇದ್ದ. ಎಷ್ಟು ಸಲ ಮರೆತಿದ್ದ?”

ದಹಾಮ್ ಗೋಡೆ ಕಡೆ ಮುಖ ಮಾಡಿದ. ನಾನು ಬಿಡಲಿಲ್ಲ.

“ನಾನು ಹೇಳ್ತೀನಿ ಕೇಳು. ನಕಬ್ ತಲೆಯಲ್ಲಿ ಚಾ ಅಂಗಡಿ ಹತ್ರ ಗಾಡಿ ನಿಂತಿತ್ತು. ಅಲ್ಲಿ ಯಾರೋ ಹಿಂದಿನ ಸರಪಳಿ ಬಿಚ್ಚಿ ಪೆಟ್ಟಿಗೆ ಇಳಿಸಿದ್ರು. ಮತ್ತೆ ಕೊಕ್ಕೆ ಸಿಕ್ಕಿಸಿದ್ರು, ಬಿಗಿಯೋಕೆ ಹೊತ್ತು ಸಿಗಲಿಲ್ಲ. ಸತ್ತಾಮ್ ಸುತ್ತಿಗೆ ಹಿಡಿದು ಇಳೀತಿದ್ದ. ಯಾರೋ ಅವನಿಗೆ, ಬೇಡ, ನಾನಾಗಲೇ ಬಡಿದು ನೋಡಿದೀನಿ, ಹತ್ತು ಅಂದ್ರು. ಅವನು ನಂಬಿ ಸುತ್ತಿಗೆ ಒಳಗಿಟ್ಟ. ಅವನು ನಂಬೋ ಅಂಥವನು ಆ ಗಾಡೀಲಿ ಇನ್ಯಾರಿದ್ರು? ನೀನೇ.”

ಅವನು ನಿಧಾನಕ್ಕೆ ತಿರುಗಿ ನನ್ನನ್ನು ನೋಡಿದ. ಸಿಟ್ಟು ಬರಲೆಂದೇ ಹಾಗೆ ಹೇಳಿದ್ದೆ. ಸಿಟ್ಟು ಬರಲಿಲ್ಲ, ಕಣ್ಣು ತುಂಬಿ ಬಂತು.

“ನನ್ನನ್ನ? ಆ ಹುಡುಗ ನನ್ನನ್ನ ನಂಬ್ತಿದ್ನಾ?” ಎಂದ. “ನಾನು ಬಡಿದ ಸರಪಳೀನ ನನ್ನ ಕಣ್ಣೆದುರಿಗೇ ಮತ್ತೆ ಬಡೀತಿದ್ದ. ‘ದಹಾಮಣ್ಣ, ನಿಮ್ಮ ಕಿವಿ ಎಂಜಿನ್ ಸದ್ದಿಗೆ ಹಾಳಾಗಿದೆ, ನಿಮಗೆ ಠಣ್ಣೂ ಒಂದೇ ಠುಸ್ಸೂ ಒಂದೇ’ ಅಂತಿದ್ದ. ನಾನು ಬೈದ್ರೆ ನಗ್ತಿದ್ದ. ನನ್ನ ಮಾತಿಗೆ ಅವನು ಸುತ್ತಿಗೆ ಇಳಿಸೋನಲ್ಲ.”

“ಹಾಗಾದ್ರೆ ಯಾರ ಮಾತಿಗೆ?”

ಪಕ್ಕದ ಮಂಚದ ರೋಗಿ ರೇಡಿಯೋ ಸದ್ದು ಕಡಿಮೆ ಮಾಡಿ ಕಿವಿಗೊಟ್ಟ. ನಾನು ಒಮ್ಮೆ ನೋಡಿದೆ. ಮತ್ತೆ ಜೋರು ಮಾಡಿಕೊಂಡ.

ಉತ್ತರ ನನಗೆ ಹೊಳೆದದ್ದು ಆಗಲೇ. ಹೊಳೆಯದೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ. ಸರಪಳಿಯಾಳುಗಳಲ್ಲಿ ಒಂದು ಮಾತಿದೆ: ಮನೆಯ ಹಿರಿಯ ಬಡಿದ ಸರಪಳಿಗೆ ಕಿರಿಯ ಸುತ್ತಿಗೆ ಎತ್ತುವುದಿಲ್ಲ. ಎತ್ತಿದರೆ ನೀನು ಸುಳ್ಳುಗಾರ ಎಂದು ನಾಲ್ಕು ಜನರೆದುರು ಅಂದಂತೆ. ಡ್ರೈವರ್ ಎಷ್ಟೇ ಹಿರಿಯನಾದರೂ ಮನೆಯ ಹಿರಿಯನಲ್ಲ.

“ಮುಫ್ಲಿಹ್” ಎಂದೆ.

“ನಾನು ಹೇಳಿಲ್ಲ.”

“ನೀನು ಹೇಳಿಲ್ಲ.”

“ನಾನು ಹೇಳಿಲ್ಲ ಶರ್ಕಸಿ, ನೆನಪಿಟ್ಟುಕೋ.” ಅವನು ಎಡಗೈಯಿಂದ ಕಣ್ಣೊರೆಸಿಕೊಂಡ. “ಮೇಜರರ ಜೀಪಲ್ಲಿ ಮುಂದೆ ಬಂದಿದ್ದ. ‘ನೀವಿಬ್ರೂ ಚಾ ಕುಡೀರಿ, ಗಾಡಿ ನಾನು ನೋಡ್ಕೋತೀನಿ’ ಅಂದ. ಇಪ್ಪತ್ತು ನಿಮಿಷ ಆಗಿರಬೇಕು, ಜೀಪಿಂದ ಹಾರನ್ ಬಡೀತಾ ಇದ್ರು, ಹೊರಡಿ ಹೊರಡಿ ಅಂತ. ಸತ್ತಾಮ್ ಸುತ್ತಿಗೆ ತಗೊಂಡು ಹಿಂದಕ್ಕೆ ಹೋದ. ಮುಫ್ಲಿಹ್ ಅವನ ಎದೆ ಮೇಲೆ ಕೈಯಿಟ್ಟು, ‘ನಾನು ಬಡಿದಾಯ್ತು, ಹತ್ತು’ ಅಂದ. ಅಷ್ಟೇ. ಅವನು ಸರಿ ಅಂದ, ಬಂದು ಹತ್ತಿದ. ಸುತ್ತಿಗೆ ಸೀಟಿನ ಕೆಳಗೆ ನೂಕಿದ. ಅಣ್ಣನ ಮಾತಿಗೆ ಅವನ ಹತ್ರ ಎರಡನೇ ಮಾತು ಇರಲಿಲ್ಲ.”

“ಆಮೇಲೆ?”

“ಎರಡನೇ ತಿರುವಲ್ಲಿ ಹಿಂದೆ ಏನೋ ನೆಲಕ್ಕೆ ಬಡಿದ ಸದ್ದಾಯ್ತು. ಕೊಕ್ಕೆ ಕಳಚಿದ ಸದ್ದು. ನಾನು ಬ್ರೇಕ್ ಒತ್ತಿದೆ, ಮೂರನೇ ತಿರುವಲ್ಲಿ ಗಾಡಿ ನಿಂತಿತು. ಟ್ಯಾಂಕ್ ನಿಲ್ಲಲಿಲ್ಲ. ಅವನು ಮರದ ಬೆಣೆ ಎತ್ಕೊಂಡು ಹಾರಿಬಿಟ್ಟ. ಬೇಡ ಕಣೋ ಅಂದೆ. ಕೆಳಗಿಂದ ಕಾರು ಬರ್ತಿದೆ ದಹಾಮಣ್ಣ ಅಂದ. ಅದೇ ಕೊನೇ ಮಾತು.”

ವರದಿಯಲ್ಲಿ ಇದು ಇರಲಿಲ್ಲ. ತಪ್ಪಿಸಿಕೊಳ್ಳಲು ಹಾರಿದ ಎಂದಿತ್ತು.

ಜೇಬಿನಿಂದ ಹೇಳಿಕೆಯ ಕಾಗದ ತೆಗೆದೆ. “ಇದನ್ನ ಬರೀತೀನಿ. ಹೆಬ್ಬೆಟ್ಟು ಹಾಕು. ಜಾಹಾ ಹೊರಡೋ ಮುಂಚೆ ನಿಲ್ಲಿಸಬಹುದು.”

“ಹಾಕಲ್ಲ.”

“ಆ ಹುಡುಗನ ಹೆಸರು ಇವತ್ತು ಮಣ್ಣಾಗುತ್ತೆ ದಹಾಮ್.”

“ಗೊತ್ತು.”

“ಅವನು ನಿನ್ನ ಮಗನ ಹಾಗಿದ್ದ ಅಂತಿದ್ದೆ.”

“ಇದ್ದ. ಅದಕ್ಕೇ ಅವನ ಅಪ್ಪನ ಮುಖ ನೋಡಬೇಕು ನಾನು.” ಅವನ ದನಿ ಏರಲಿಲ್ಲ. “ಒಬ್ಬ ಮಗನ್ನ ಟ್ಯಾಂಕ್ ತಗೊಂಡ್ತು. ಇನ್ನೊಬ್ಬನ್ನ ನಾನು ಹೆಬ್ಬೆಟ್ಟು ಹಾಕಿ ತಗೊಳ್ಳಲಾ? ಕಣ್ಣಿಲ್ಲದ ಮುದುಕ. ಕೈ ಹಿಡಿದು ಮಸೀದಿಗೆ ಕರ್ಕೊಂಡು ಹೋಗೋಕಾದ್ರೂ ಒಬ್ಬ ಬೇಡ್ವಾ? ಸತ್ತವನಿಗೆ ದೇವರಿದ್ದಾನೆ, ಶರ್ಕಸಿ. ಬದುಕಿರೋನಿಗೆ ಯಾರಿದಾರೆ?”

ಕಾಗದ ಮಡಚಿ ಜೇಬಿಗೆ ಹಾಕಿ, ಮೊಸರಿನ ಬಟ್ಟಲನ್ನು ಅವನ ಎಡಗೈಗೆ ಹತ್ತಿರ ಸರಿಸಿ ಹೊರಗೆ ಬಂದೆ.

*

ಜಾಹಾ ಮೇಷ್ಟ್ರ ಬೀದಿಯ ತುದಿಯಲ್ಲಿ ಸೇರಿತ್ತು. ನಲವತ್ತು ಜನರಿದ್ದರು, ಮುಂದೆ ಎಲ್ಲರ ಪರವಾಗಿ ಮಾತಾಡುವ ಹಿರಿಯ ಶೇಖ್ ಮನಾವರ್. ಮೇಜರ್ ಜುಹೈರ್ ಒಬ್ಬೊಬ್ಬರ ಕೈ ಕುಲುಕುತ್ತಿದ್ದರು. ಅವ್ವಾದ್ ಗೋಡೆಯ ನೆರಳಲ್ಲಿ ಕಲ್ಲಿನ ಮೇಲೆ ಕೂತಿದ್ದರು. ಮುಫ್ಲಿಹ್ ಅವರಿಗೆ ನೀರು ತರಲು ಹೋಗಿದ್ದ.

ಪಕ್ಕದಲ್ಲಿ ಕೂತೆ. ನನ್ನ ಹೆಜ್ಜೆ ಸದ್ದಿಗೇ ಗುರುತು ಹಿಡಿದರು.

“ಮೊಣಕಾಲು ನೋವಾ ಶರ್ಕಸಿ? ಎಳೆದು ನಡೀತಿದೀಯ.”

“ಹಳೇದು. ಅಬು ಮುಫ್ಲಿಹ್, ಇವತ್ತು ಹೋಗಬೇಡಿ. ತಪ್ಪು ಸತ್ತಾಮನದಲ್ಲ.”

“ಅಲ್ಲ ಅಂದ್ರೆ ಯಾರದು?”

ದಹಾಮನಿಗೆ ಕೊಟ್ಟ ಮಾತೊಂದೇ ಅಲ್ಲ, ಆ ಮುಖ ನೋಡಿ ಹೇಳಲು ಬಾಯಿ ಬರಲಿಲ್ಲ.

“ಸುತ್ತಿಗೆ ಸೀಟಿನ ಕೆಳಗೆ ಸಿಕ್ತಂತಲ್ಲ” ಎಂದರು. “ಮೇಜರ್ ಹೇಳಿದ್ರು. ಆಗಿಂದ ಅದೇ ತಲೇಲಿ ಸುತ್ತುತ್ತಾ ಇದೆ. ನನ್ನ ಸತ್ತಾಮ್ ಚಿಕ್ಕವನಿದ್ದಾಗ ನೀರಿನ ಚೀಲಾನೂ ಎರಡು ಸಲ ಬಗ್ಗಿಸಿ ನೋಡ್ತಿದ್ದ. ಅಂಥವನು ಸುತ್ತಿಗೆ ಒಳಗಿಟ್ಟ ಅಂದ್ರೆ, ಬಡಿದಾಗಿದೆ ಅಂತ ಯಾರೋ ಹೇಳಿರಬೇಕು.”

ನಾನು ಆಗಲೂ ಸುಮ್ಮನಿದ್ದೆ. ಅವರು ನನ್ನ ಮೌನವನ್ನೂ ಬೆರಳಾಡಿಸಿ ನೋಡುತ್ತಿದ್ದಾರೆ ಅನ್ನಿಸಿತು.

“ಅವನಿಗೆ ಆರು ವರ್ಷ” ಎಂದು ಶುರು ಮಾಡಿದರು. “ಒಂಟೆ ಮೊಣಕಾಲಿಗೆ ಮುಫ್ಲಿಹ್ ಹಗ್ಗ ಕಟ್ಟಿದ್ದ. ಇವನು ಹಿಂದೇನೇ ಹೋಗಿ ಗಂಟು ಎಳೆದು ನೋಡಿದ. ನೆಂಟರೆಲ್ಲ ಕೂತಿದ್ರು. ಕಪಾಳಕ್ಕೆ ಹೊಡೆದೆ. ಅಣ್ಣ ಕಟ್ಟಿದ ಗಂಟನ್ನ ಮುಟ್ಟಿ ನೋಡ್ತೀಯಾ ಅಂದೆ. ಮೂಗಲ್ಲಿ ರಕ್ತ ಬಂತು. ಆಮೇಲೆ ಯಾವತ್ತೂ ಮುಟ್ಟಿ ನೋಡಲಿಲ್ಲ.”

ಅವರ ಗಡ್ಡ ಅದುರುತ್ತಿತ್ತು. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗಾದರೂ ಸ್ವಲ್ಪ ಹಗುರವಾಗುತ್ತಿತ್ತು.

“ಸರಪಳಿ ಬಿಚ್ಚಿದವನು ಯಾವನೋ ಇರಲಿ, ಶರ್ಕಸಿ. ನನ್ನ ಸತ್ತಾಮನ ಕೈಯಿಂದ ಸುತ್ತಿಗೆ ಕಸ್ಕೊಂಡವನು ನಾನು.”

“ಹಾಗನ್ನಬೇಡಿ.”

“ಇನ್ನು ಹೇಗನ್ನಲಿ?”

ಮುಫ್ಲಿಹ್ ನೀರಿನ ಲೋಟ ಹಿಡಿದು ಬಂದ. ಅಪ್ಪ ಕುಡಿಯುವವರೆಗೆ ಲೋಟದ ತಳಕ್ಕೆ ಕೈ ಕೊಟ್ಟು ನಿಂತ. ಕುಡಿದಾದ ಮೇಲೆ ಅವ್ವಾದ್ ಅವನ ಕೈಯನ್ನು ಹಿಡಿದು, ಬೆರಳುಗಳನ್ನು ಒಂದೊಂದಾಗಿ ಮುಟ್ಟಿದರು. ಬಲಗೈಯ ಎರಡು ಉಗುರಿನ ಸಂದಿಯಲ್ಲಿ ಆ ಗೆರೆಯ ಕೆಂಪು ಬಣ್ಣ ಇನ್ನೂ ಹೋಗಿರಲಿಲ್ಲ. ಅವರಿಗೆ ಅದು ಕಾಣುವಂತಿರಲಿಲ್ಲ, ನನಗೆ ಕಂಡಿತು.

“ನಡಿ ಮಗಾ” ಎಂದರು. “ಹೊತ್ತಾಯ್ತು.”

*

ಮೇಷ್ಟ್ರ ಮನೆ ಮುಂದಿನ ಡೇರೆಯಲ್ಲಿ ಎರಡು ಸಾಲು ಹಾಸಿಗೆ ಹಾಕಿದ್ದರು. ಒಂದು ಕಡೆ ನಾವು, ಎದುರಿಗೆ ಮೇಷ್ಟ್ರ ಮನೆಯವರು. ನಡುವೆ ಮೇಷ್ಟ್ರ ಅಪ್ಪ ಹಾಜಿ ಬರಕಾತ್. ಎಂಬತ್ತರ ಹತ್ತಿರದ ಸಣಕಲು ಮನುಷ್ಯ, ಮಗನ ಹಳೆಯ ಕೋಟನ್ನೇ ಹಾಕಿಕೊಂಡಿದ್ದರು. ತೋಳು ಉದ್ದವಾಗಿ ಬೆರಳು ಮುಚ್ಚಿದ್ದವು.

ಕಾಫಿ ಸುರಿದರು. ಶೇಖ್ ಮನಾವರ್ ಬಟ್ಟಲನ್ನು ತುಟಿಗೆ ತಾಗಿಸದೆ ಕೆಳಗಿಟ್ಟರು. ಬೇಡಿದ್ದನ್ನು ಕೊಡುವವರೆಗೆ ಜಾಹಾದವರು ಕುಡಿಯುವುದಿಲ್ಲ. ನಾವು ನಲವತ್ತು ಜನವೂ ಹಾಗೇ ಇಟ್ಟೆವು. ನನ್ನ ಎಡಗಡೆ ಮೇಜರ್ ಜುಹೈರ್ ಇದ್ದರು.

“ಹಾಜಿ, ತಲೆ ತಗ್ಗಿಸಿಕೊಂಡು ಬಂದಿದೀವಿ” ಎಂದರು ಶೇಖ್.

“ತಲೆ ಎತ್ತಿ. ಯಾರ ಹೆಸರಲ್ಲಿ ಬಂದ್ರಿ?”

“ಅಬು ಮುಫ್ಲಿಹ್ ಅವರ ಕಿರಿಮಗ, ಸತ್ತಾ...”

ಅವ್ವಾದ್ ಶೇಖರ ಮೊಣಕಾಲ ಮೇಲೆ ಕೈಯಿಟ್ಟರು. ಶೇಖ್ ಮಾತು ನಿಲ್ಲಿಸಿದರು.

“ನನ್ನ ಮಗ ಮುಫ್ಲಿಹನ ಹೆಸರಲ್ಲಿ” ಎಂದರು ಅವ್ವಾದ್.

ನಮ್ಮ ಸಾಲಿನಲ್ಲಿ ಪಿಸುಮಾತು ಹರಿಯಿತು. ಒಬ್ಬ ನೆಂಟ ಬಾಗಿ, “ಸತ್ತಾಮ್, ದೊಡ್ಡಪ್ಪಾ. ದುಃಖದಲ್ಲಿ ಬಾಯಿ ತಪ್ಪಿತು” ಎಂ​ದ.

“ತಪ್ಪಿಲ್ಲ. ಮೂವತ್ತಾರು ವರ್ಷದಿಂದ ಊರು ನನ್ನನ್ನ ಅವನ ಹೆಸರಿಂದಾನೇ ಕರೀತಿದೆ. ನನಗೆ ಆ ಹೆಸರು ತಪ್ಪಲ್ಲ.” ಅವರು ತಮ್ಮ ಕಣ್ಣೆದುರಿನ ಕತ್ತಲೆಯತ್ತ ಮುಖ ಎತ್ತಿದರು. “ಹಾಜಿ, ನನ್ನ ಸತ್ತಾಮ್ ಬಿಗಿದಿದ್ದ. ಬಿಚ್ಚಿದ್ದು ಇವನು. ನಿಮ್ಮ ಯೂನುಸ್ ಕಾರು ಬರ್ತಿದೆ ಅಂತ ಬೆಣೆ ಹಿಡಿದು ಹಾರಿದವನು ಅವನು.”

ಕೊನೆಯ ಮಾತನ್ನು ನಾನು ಅವರಿಗೆ ಹೇಳಿರಲಿಲ್ಲ. ಯಾರು ಹೇಳಿದರೋ, ಆಸ್ಪತ್ರೆಯಿಂದ ಯಾರು ಬಂದು ಹೇಳಿಹೋದರೋ ತಿಳಿಯದು.

ಮುಫ್ಲಿಹ್ ಅಪ್ಪನ ಬಲಗಡೆ ಕೂತಿದ್ದ. ಅಲ್ಲಗಳೆಯಲಿಲ್ಲ. ಹಣೆಯನ್ನು ಹಾಸಿಗೆಗೆ ಒತ್ತಿ ಬಾಗಿದ. ಅವನ ಬೆನ್ನು ಕುಲುಕುವುದು ಡೇರೆಯಲ್ಲಿದ್ದವರಿಗೆಲ್ಲ ಕಾಣುತ್ತಿತ್ತು.

ಮೇಷ್ಟ್ರ ತಮ್ಮಂದಿರಿಬ್ಬರು ಎದ್ದು ನಿಂತರು. ಹಾಜಿ ಬರಕಾತ್ ಕೋಟಿನ ತೋಳು ಎತ್ತಿ ಅವರನ್ನು ಕೂರಿಸಿದರು. ಅವ್ವಾದರ ಮುಂದಿದ್ದ ತಣ್ಣಗಾದ ಬಟ್ಟಲನ್ನೇ ನೋಡುತ್ತಿದ್ದರು.

“ಇವನ ಹೆಸರಲ್ಲಿ ಬಂದ್ರೆ ಕ್ಷಮೆ ಒಂದಲ್ಲ, ಎರಡು ಬೇಕು” ಎಂದರು ಕಡೆಗೆ. “ಯೂನುಸನ ರಕ್ತಕ್ಕೆ ಕ್ಷಮೆ ಕೊಡಬೇಕಾದವನು ನಾನು. ಸತ್ತಾಮನ ರಕ್ತಕ್ಕೆ ಕೊಡಬೇಕಾದವನು ನೀನು. ನನ್ನ ಮಗನೂ ಹೋದ, ನಿನ್ನ ಮಗನೂ ಹೋದ, ಕೊಂದವನು ಒಬ್ಬನೇ. ಇವನಿಗೆ ನಾನು ಪರಕೀಯ, ನನಗೇ ಇಷ್ಟು ಕಷ್ಟ ಆಗ್ತಿದೆ. ಮೊದಲು ನೀನು ಕ್ಷಮಿಸು ಅವ್ವಾದ್. ನೀನು ಆ ಬಟ್ಟಲು ಎತ್ತಿದರೆ ನಾನೂ ಎತ್ತುತ್ತೀನಿ. ನೀನು ಎತ್ತದೆ ಹೋದ್ರೆ ನನ್ನನ್ನ ಕೇಳಬೇಡ.”

ಅಬು ಮುಫ್ಲಿಹ್ ಎನ್ನಲಿಲ್ಲ, ಅವ್ವಾದ್ ಎಂದರು.

ಅವ್ವಾದರ ಕೈ ಮುಂದೆ ಬಂತು. ಬಟ್ಟಲು ಎಲ್ಲಿದೆ ಎಂದು ಹುಡುಕುತ್ತಿದೆ ಅಂದುಕೊಂಡೆ. ಬಟ್ಟಲು ಸಿಕ್ಕಿತು, ಬೆರಳು ಅದರ ಅಂಚಿನ ಮೇಲೆ ಕೂತವು, ಎತ್ತಲಿಲ್ಲ. ಇನ್ನೊಂದು ಕೈ ಪಕ್ಕಕ್ಕೆ ಹೋಗಿ ಬಾಗಿದ್ದ ಮಗನ ತಲೆಯನ್ನು ಮುಟ್ಟಿತು.

“ಯಾರಿಗೋಸ್ಕರ ಬಿಚ್ಚಿದೆ?” ಎಂದು ಕೇಳಿದರು. “ಅದೊಂದು ಹೇಳು. ಆಮೇಲೆ ಎತ್ತಬೇಕೋ ಬೇಡವೋ ನೋಡ್ತೀನಿ.”

ಮುಫ್ಲಿಹ್ ತಲೆ ಎತ್ತಿದ. ಮುಖವೆಲ್ಲ ಒದ್ದೆಯಾಗಿತ್ತು.

“ಬಿಚ್ಚು ಅಂದವರು ಇಲ್ಲೇ ಕೂತಿದಾರೆ ಅಪ್ಪಾ” ಎಂದ. “ನಮ್ಮ ಸಾಲಲ್ಲೇ.”

ನಲವತ್ತು ಜನರೂ ಒಬ್ಬರನ್ನೊಬ್ಬರು ನೋಡಿದರು. ನನ್ನ ಎಡಗಡೆಯಿಂದ ಮೇಜರ್ ಜುಹೈರ್ ಎದ್ದು, ಯಾರಿಗೂ ಏನೂ ಹೇಳದೆ, ಡೇರೆಯ ಬಾಗಿಲಲ್ಲಿ ಬಗ್ಗಿ ತಮ್ಮ ಬೂಟು ಹುಡುಕತೊಡಗಿದರು.